ನರ ಸಿಗುತ್ತಿಲ್ಲ

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವಳು ಸೂಜಿಯಮ್ಮ. ಇಪ್ಪತ್ತೆರಡು ವರ್ಷದಿಂದ ಅದೇ ಲ್ಯಾಬಿನಲ್ಲಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಜನರ ರಕ್ತ ತೆಗೆಯುತ್ತಿದ್ದಳು. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆಯುವಷ್ಟರಲ್ಲಿ ಖಾಲಿ ಹೊಟ್ಟೆಯ ಜನ ಮೆಟ್ಟಿಲ ಮೇಲೆ ಸಾಲು ಹಿಡಿದಿರುತ್ತಿದ್ದರು. ಹಸಿದವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಅವಳ ಸ್ಟೂಲಿನ ಮುಂದೆ ಕೂತವರು ಗದರಿದ್ದು ಕಡಿಮೆ. "ಆಯ್ತಾ? ಚುಚ್ಚಿದ್ದೇ ಗೊತ್ತಾಗ್ಲಿಲ್ಲವಲ್ಲಮ್ಮ" ಎಂದು ತೋಳು ಮಡಚಿಕೊಂಡು ಎದ್ದು ಹೋಗುತ್ತಿದ್ದರು.

ಅದರ ಗುಟ್ಟು ಅವಳ ಎಡಗೈಯ ತೋರುಬೆರಳು. ರಬ್ಬರ್ ಪಟ್ಟಿ ಬಿಗಿದು, ಗ್ಲೌಸ್ ಹಾಕುವ ಮೊದಲು, ಬರಿ ಬೆರಳನ್ನು ಮೊಣಕೈಯ ಒಳಮಡಿಕೆಯಲ್ಲಿ ಇಟ್ಟು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದಳು. ಹೊಸದಾಗಿ ಕಲಿಯಲು ಬಂದವರು ಚರ್ಮದ ಮೇಲೆ ನೀಲಿ ಗೆರೆ ಹುಡುಕಿ ಸುಸ್ತಾಗುವಾಗ, "ನರ ಕಣ್ಣಿಗೆ ಕಾಣೋದಲ್ಲ, ಬೆರಳಿಗೆ ಕೇಳೋದು" ಎನ್ನುತ್ತಿದ್ದಳು. ಒತ್ತಿ ಬಿಟ್ಟರೆ ಒಳಗಿನಿಂದ ಒಂದು ಮೆತ್ತನೆಯ ಪುಟಿತ. ಅಷ್ಟೇ. ಅದು ಸಿಕ್ಕರೆ ಸೂಜಿ ತಾನಾಗಿ ದಾರಿ ಹಿಡಿಯುತ್ತಿತ್ತು.

ಅಕ್ಕ ತೀರಿಕೊಂಡ ಮೇಲೆ ಆ ಬೆರಳು ತಪ್ಪತೊಡಗಿತು.

ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳು ಅಕ್ಕ. ಸಾಕಿದವಳೂ ಅವಳೇ. ಗಂಡ ಹೋದ ಮೇಲೆ ತಂಗಿಯ ಮನೆಯ ಮುಂದಿನ ಕೋಣೆಗೆ ಬಂದು, ಮೂತ್ರಪಿಂಡ ಕೆಟ್ಟು, ಎರಡು ವರ್ಷ ಅಲ್ಲೇ ಮಲಗಿದ್ದಳು. ವಾರಕ್ಕೊಮ್ಮೆ ಅವಳ ರಕ್ತವನ್ನೂ ಸೂಜಿಯಮ್ಮನೇ ತೆಗೆದು, ಕೆಂಪು ಮುಚ್ಚಳದ ಟ್ಯೂಬನ್ನು ಕರವಸ್ತ್ರದಲ್ಲಿ ಸುತ್ತಿ ಲ್ಯಾಬಿಗೆ ತರುತ್ತಿದ್ದಳು. ಅಕ್ಕ ಹೋದಾಗ ಅಳು ಬರಲಿಲ್ಲ. ಬಂದ ನೆಂಟರು ಅವಳ ಮುಖ ನೋಡಿ ನೋಡಿ, "ಪಾಪ, ಗಟ್ಟಿ ಹೆಣ್ಣು" ಎಂದು ಹೇಳಿ ಹೋದರು. ಅವಳು ಲೋಟ ತೊಳೆದಿಟ್ಟಳು. ನಾಲ್ಕನೇ ದಿನ ಕೆಲಸಕ್ಕೆ ಬಂದಳು. ಗಟ್ಟಿ ಎನ್ನುವುದು ಸರಿಯಾದ ಮಾತಲ್ಲ ಎಂದು ಅವಳಿಗೆ ಅನಿಸಿತ್ತು. ಆದರೆ ಸರಿಯಾದದ್ದು ಯಾವುದು ಎಂದು ಹುಡುಕುವಷ್ಟು ಆಸೆಯೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ, ಯಾರನ್ನೂ ನೋಡದೆ, "ಈಚೆಗೆ ಯಾಕೋ ನರ ಸಿಗ್ತಾ ಇಲ್ಲ ನಂಗೆ" ಎಂದಳು.

ನಮ್ಮ ಮಾತಿನಲ್ಲಿ ರಕ್ತ ಹರಿಯುವುದೂ ನರ, ನೋವನ್ನು ತಲೆಗೆ ಮುಟ್ಟಿಸುವುದೂ ನರ. ಡಾಕ್ಟರ ಪುಸ್ತಕದಲ್ಲಿ ಎರಡಕ್ಕೂ ಬೇರೆ ಹೆಸರಿದೆ. ಊಟದ ಮೇಜಿನ ಮೇಲೆ ಇಲ್ಲ. ಅವಳು ಹೇಳಿದ್ದು ರೋಗಿಗಳ ತೋಳಿನ ನರದ ಮಾತು. ಮೇಜಿನ ಸುತ್ತ ಇದ್ದವರಿಗೆ ಕೇಳಿಸಿದ್ದು ಅವಳ ಮೈಯ ನರದ ಮಾತು.

"ನಂಗೊತ್ತಿತ್ತು" ಎಂದಳು ಕೌಂಟರಮ್ಮ. ಚೀಟಿ ಬರೆದು ಹಣ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂರುವವಳು ಅವಳು. ಸೂಜಿಯಮ್ಮನ ಜೊತೆಗೇ ಕೆಲಸಕ್ಕೆ ಸೇರಿದವಳು, ಅದಕ್ಕೇ ಸಲಿಗೆ. "ಮುಖ ನೋಡಿದ್ರೇ ಗೊತ್ತಾಗುತ್ತೆ. ನರದ ವೀಕ್‌ನೆಸ್ಸು. ನಮ್ಮ ಅತ್ತೆಗೂ ಹಿಂಗೇ ಆಗಿತ್ತು."

"ಬೆಳ್ಳುಳ್ಳಿ ಹಾಲಲ್ಲಿ ಕುದಿಸ್ಕೊಂಡು ಕುಡೀರಿ" ಎಂದಳು ಕಸ ಗುಡಿಸುವ ಆಯಾ. "ನನ್ನ ಮಂಡಿನೋವು ಹೇಳ್ದೆ ಕೇಳ್ದೆ ಓಡೋಯ್ತು."

"ನಿನ್ನ ಬಾಯಿ ವಾಸನೆಗೆ ಓಡೋಗಿರ್ಬೇಕು" ಎಂದ ವ್ಯಾನಣ್ಣ. ಬೇರೆ ಬಡಾವಣೆಗಳಿಂದ ಸ್ಯಾಂಪಲ್ ತರುವ ಡ್ರೈವರು ಅವನು. "ಈಗ ಯಾರು ಹಾಲು ಕುದಿಸ್ತಾರೆ? ನರಕ್ಕೆ ಅಂತಲೇ ಮಾತ್ರೆ ಬಂದಿದೆ. ನಂಗೆ ಸ್ಟೇರಿಂಗ್ ಹಿಡಿದು ಹಿಡಿದು ಜೋಮು ಬರ್ತಿತ್ತಲ್ಲ, ಒಂದೇ ವಾರ. ನಾಳೆ ತರ್ತೀನಿ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅಲ್ಲಿ ಪಕ್ಕದ ಕುರ್ಚಿಯವರು ಕೊಟ್ಟದ್ದೆಲ್ಲ ಮದ್ದು. ತಲೆನೋವಿಗೆ ಕರಿಮೆಣಸಿನ ಕಷಾಯ, ಕೂದಲು ಉದುರಿದರೆ ಮೀನೆಣ್ಣೆಯ ಗುಳಿಗೆ, ನಿದ್ದೆ ಬಾರದವರಿಗೆ ಇನ್ನೇನೋ ಪುಡಿ. ಗೋಡೆಯ ಆಚೆ ಲಕ್ಷಗಟ್ಟಲೆಯ ಯಂತ್ರ ಇತರರ ರಕ್ತವನ್ನು ಗಿರಗಿರ ತಿರುಗಿಸುತ್ತಿದ್ದರೂ, ಈಚೆ ಊಟದ ಮೇಜಿನವರು ತಮ್ಮ ರಕ್ತವನ್ನು ಅದಕ್ಕೆ ಕೊಟ್ಟವರಲ್ಲ.

ಮರುದಿನ ವ್ಯಾನಣ್ಣ ಕೆಂಪು ಮಾತ್ರೆ ತಂದ. ಅದರ ಮರುದಿನ ಕೌಂಟರಮ್ಮ ಅತ್ತೆಯ ಗುಲಾಬಿ ಮಾತ್ರೆ ತಂದು, "ಅವನದ್ದು ಬರೀ ಗಾಡಿ ಓಡಿಸೋರಿಗೆ. ಹೆಂಗಸರಿಗೆ ಇದೇ ಸರಿ" ಎಂದಳು. ಆಯಾಳ ಸೊಸೆ ದೊಡ್ಡ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಂದ ಹಳದಿ ಕ್ಯಾಪ್ಸೂಲಿನ ಡಬ್ಬಿ ಬಂತು. ಮನೆಯಲ್ಲಿ, ಜೆರಾಕ್ಸ್ ಅಂಗಡಿ ನಡೆಸುವ ಅವಳ ಗಂಡ, ಯಾರೋ ಗಿರಾಕಿ ಹೇಳಿದರೆಂದು, ನೀರಿಗೆ ಹಾಕಿದರೆ ಬುರುಬುರು ಎನ್ನುವ ಬಿಲ್ಲೆ ತಂದಿಟ್ಟ. "ಎಲ್ಲರ್ದೂ ತಗೋತೀಯ, ನಾನು ತಂದದ್ದು ಬೇಡ್ವಾ?" ಎಂದ.

ಅವಳು ಎಲ್ಲವನ್ನೂ ತೆಗೆದುಕೊಂಡಳು. ನಂಬಿಕೆಯಿಂದಲ್ಲ. ಬೇಡ ಎನ್ನಬೇಕಾದರೆ ಯಾಕೆ ಬೇಡ ಎಂದು ಹೇಳಬೇಕು. ಹೇಳಬೇಕಾದರೆ ಏನಾಗಿದೆ ಎಂಬುದನ್ನು ಬಾಯಿಗೆ ತರಬೇಕು. ಅದಕ್ಕಿಂತ ನುಂಗುವುದು ಸಲೀಸು. ಬೆಳಿಗ್ಗೆ ಬಿಲ್ಲೆ, ಹನ್ನೊಂದಕ್ಕೆ ಕೆಂಪು, ಊಟಕ್ಕೆ ಗುಲಾಬಿ, ಹೊರಡುವಾಗ ಹಳದಿ. ತಂದವರು ತಮ್ಮ ತಮ್ಮ ಹೊತ್ತಿಗೆ ಬಂದು, ನುಂಗಿದಳೋ ಇಲ್ಲವೋ ಎಂದು ನೋಡಿ ಹೋಗುತ್ತಿದ್ದರು. ತೀರಿದರೆ ಹೇಳುವ ಮೊದಲೇ ಹೊಸದು ಬರುತ್ತಿತ್ತು.

ಏಳೆಂಟು ತಿಂಗಳು ಹೀಗೆ ಕಳೆಯಿತು. ಅಷ್ಟರಲ್ಲಿ ಪಾದದ ಅಡಿಯಲ್ಲಿ ಯಾವಾಗಲೂ ಒಂದು ಕಾಲುಚೀಲ ಇದ್ದ ಹಾಗೆ ಅನಿಸತೊಡಗಿತ್ತು. ಬಗ್ಗಿ ನೋಡಿದರೆ ಬರಿಗಾಲು. ಬೆರಳ ತುದಿಗಳಲ್ಲಿ ಜೋಮು ಬಂದದ್ದು ಇಳಿಯಲೇ ಇಲ್ಲ. ಅಂಗಿಯ ಗುಂಡಿ ಹಾಕಲು ಕನ್ನಡಿ ಬೇಕಾಯಿತು. ಬಟ್ಟಲಿನ ಬಿಸಿ ಅಂಗೈಗೆ ಬರುವುದು ತಡವಾಗುತ್ತಿತ್ತು. ಇದರಿಂದ ಅವಳಿಗೆ ಗಾಬರಿಯೇನೂ ಆಗಲಿಲ್ಲ. ಒಳಗೆ ಇದ್ದದ್ದೇ ಈಗ ಹೊರಗೂ ಬಂದಿದೆ ಎಂದುಕೊಂಡಳು, ಅಷ್ಟೇ.

ಆದರೆ ರೋಗಿಗಳ ತೋಳುಗಳು ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಒಬ್ಬರಿಗೆ ಎರಡು ಸಲ ಚುಚ್ಚಿದಳು, ಇನ್ನೊಬ್ಬರಿಗೆ ಮೂರು. ಒಬ್ಬ ಹೆಂಗಸಿನ ತೋಳು ನೇರಳೆಹಣ್ಣಿನಂತೆ ಊದಿ, ಅವಳ ಮಗ ಬಂದು ಕೌಂಟರಿನ ಗಾಜು ಬಡಿದ. ಲ್ಯಾಬಿನ ಒಡತಿ ಡಾಕ್ಟರಮ್ಮ. ಹೆಚ್ಚು ಮಾತಿನವರಲ್ಲ, ದಿನವಿಡೀ ಸೂಕ್ಷ್ಮದರ್ಶಕದಿಂದ ಕಣ್ಣು ಎತ್ತದವರು. ಅವರು ಅವಳನ್ನು ಒಳಗೆ ಕರೆದರು.

"ಈ ತಿಂಗಳಲ್ಲಿ ಆರನೇ ದೂರು ಇದು."

"ಹೌದು."

"ನೀವು ಇಷ್ಟು ವರ್ಷ ಹೇಗಿದ್ರಿ ಅಂತ ನಂಗೊತ್ತು. ಆದ್ರೆ ಇನ್ನೊಂದು ಆದ್ರೆ ಸೂಜಿ ಬಿಡಿಸ್ತೀನಿ. ಲೇಬಲ್ ಮೇಜಿಗೆ ಕೂರ್ಬೇಕಾಗುತ್ತೆ."

"ಆಗ್ಲಿ" ಎಂದು ಹೊರಗೆ ಬಂದಳು. ಬಂದು ಸ್ಟೂಲಿನ ಮೇಲೆ ಕೂತಾಗ, ಬಹಳ ದಿನಗಳ ಮೇಲೆ ಎದೆಯಲ್ಲಿ ಏನೋ ಸಣ್ಣಗೆ ಅಲುಗಿತು. ಸೂಜಿ ಇಲ್ಲದಿದ್ದರೆ ತಾನು ಯಾರು? ಹೆಸರಿನಲ್ಲೂ ಅದೇ ಇತ್ತಲ್ಲ.

ಮುಂದಿನ ವಾರ ಒಬ್ಬ ಮುದುಕರು ಬಂದರು. ಕಾಗದದಂಥ ಚರ್ಮ, ಜಾರುವ ನರ. ಅವಳು ಪಟ್ಟಿ ಬಿಗಿದು ಬೆರಳಿಟ್ಟಳು. ಏನೂ ಕೇಳಿಸಲಿಲ್ಲ. ಮರದ ತುಂಡಿನಿಂದ ಬಟ್ಟೆಯನ್ನು ಒತ್ತಿದ ಹಾಗೆ. ಇರಲಿ, ನೆನಪಿನಿಂದಲೇ ತೆಗೆಯೋಣ ಎಂದು ಗ್ಲೌಸ್ ಹಾಕಿ, ಹೊಸ ಸೂಜಿಯ ಮುಚ್ಚಳ ಕಿತ್ತಳು. ಮುದುಕರು ಮುಖ ತಿರುಗಿಸಿ ಕಾದರು.

ಟ್ಯೂಬು ಕೊಡಲು ಬಂದ ಕೌಂಟರಮ್ಮ ಕೂಗಿಕೊಂಡಳು. "ಅಯ್ಯೋ, ರಕ್ತ ಕಣೇ! ರಕ್ತ!"

ಸೂಜಿಯಮ್ಮ ಮುದುಕರ ತೋಳು ನೋಡಿದಳು. ಅಲ್ಲಿ ಇನ್ನೂ ಚುಚ್ಚಿಯೇ ಇರಲಿಲ್ಲ. "ಯಾರದ್ದು?" ಎಂದಳು.

"ನಿಂದೇ! ಕೈ ನೋಡ್ಕೋ!"

ಗ್ಲೌಸಿನ ಒಳಗೆ ತೋರುಬೆರಳು ಕೆಂಪಗೆ ತುಂಬಿಕೊಂಡಿತ್ತು. ಮುಚ್ಚಳ ಕೀಳುವಾಗ ಸೂಜಿ ಬೆರಳೊಳಗೆ ಹೊಕ್ಕು ಹೊರಬಂದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಡಾಕ್ಟರಮ್ಮ ಬಂದು ಅವಳ ಹತ್ತೂ ಬೆರಳಿಗೆ ಹತ್ತಿಯಿಂದ ಮುಟ್ಟಿ, ಪಿನ್ನಿನಿಂದ ಮುಟ್ಟಿ ನೋಡಿದರು. "ಏನಾದ್ರೂ ಮಾತ್ರೆ ತಗೋತಿದೀರಾ?"

"ಬರೀ ಶಕ್ತಿಗೆ."

"ತನ್ನಿ ನೋಡೋಣ."

ಡ್ರಾಯರು, ಕೈಚೀಲ, ಊಟದ ಡಬ್ಬಿಯ ಮೇಲಿನ ಖಾನೆ ಎಲ್ಲ ಬರಿದು ಮಾಡಿ ಮೇಜಿನ ಮೇಲೆ ಸುರಿದಳು. ಗಂಡನ ಬಿಲ್ಲೆಯ ಕೊಳವೆಯೂ ಚೀಲದ ತಳದಲ್ಲಿ ಸಿಕ್ಕಿತು. ಡಾಕ್ಟರಮ್ಮ ಒಂದೊಂದನ್ನೇ ಬೆನ್ನು ಮೇಲೆ ಮಾಡಿ ಸಾಲಾಗಿ ಇಟ್ಟು, ಕನ್ನಡಕ ಮೇಲೆತ್ತಿ ಸಣ್ಣ ಅಕ್ಷರ ಓದಿದರು. ಬಾಗಿಲಲ್ಲಿ ಕೌಂಟರಮ್ಮ, ಆಯಾ, ವ್ಯಾನಣ್ಣ ಕುತ್ತಿಗೆ ಚಾಚಿ ನಿಂತಿದ್ದರು.

"ಹೆಸರು ನಾಲ್ಕು. ಒಳಗಿರೋದು ಒಂದೇ" ಎಂದರು ಡಾಕ್ಟರಮ್ಮ. "ಬಿ ಸಿಕ್ಸ್ ವಿಟಮಿನ್ನು. ಸ್ವಲ್ಪ ಬೇಕು, ಸರಿ. ಇಷ್ಟನ್ನ ಇಷ್ಟು ತಿಂಗಳು ತಗೊಂಡ್ರೆ ಅದೇ ನರ ಕೆಡಿಸಿ ಬೆರಳು ಮರಗಟ್ಟಿಸುತ್ತೆ. ಜೋಮು ಮೊದಲು ಬಂತಾ, ಮಾತ್ರೆ ಮೊದಲು ಬಂತಾ?"

ಸೂಜಿಯಮ್ಮ ಯೋಚಿಸಿದಳು. "ಮಾತ್ರೆ."

"ಜೋಮೇ ಇಲ್ಲದೆ ನರದ ಮಾತ್ರೆ ಯಾಕೆ ತಗೊಂಡ್ರಿ?"

"ನರ ಸಿಗ್ತಿಲ್ಲ ಅಂತ ಹೇಳಿದ್ದೆ."

"ಯಾರ ನರ?"

"ರೋಗಿಗಳದ್ದು."

ಆಯಾ ಹಣೆ ಚಚ್ಚಿಕೊಂಡಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ವಲ್ಲ ನಾವು!" ವ್ಯಾನಣ್ಣನಿಗೆ ನಗು ಉಕ್ಕಿಬಂತು. ಕೌಂಟರಮ್ಮನ ಮುಖ ನೋಡಿ ಅದನ್ನು ಕೆಮ್ಮಾಗಿ ಮಾಡಿಕೊಂಡ.

ಪರೀಕ್ಷೆಗೆ ರಕ್ತ ಬೇಕಿತ್ತು. ಅವಳ ರಕ್ತ ತೆಗೆಯಲು ಅವಳ ಕೈಗೇ ಆಗುವುದಿಲ್ಲವಲ್ಲ. ಹಿಂದೊಮ್ಮೆ ಅವಳಿಂದಲೇ ಕಲಿತಿದ್ದ ಕೌಂಟರಮ್ಮ ಸೂಜಿ ಹಿಡಿದಳು. "ಮೆಲ್ಲಗೆ ಒತ್ತು. ಇನ್ನೂ ಒಳಗೆ. ಹಾಂ, ಅಲ್ಲಿ" ಎಂದು ಸೂಜಿಯಮ್ಮ ಬೇರೆ ಯಾರದೋ ತೋಳನ್ನು ತೋರಿಸುವಂತೆ ಹೇಳಿಕೊಟ್ಟಳು.

"ಮಾತ್ರೆ ಎಲ್ಲಾ ಇವತ್ತೇ ನಿಲ್ಲಿಸಿ" ಎಂದರು ಡಾಕ್ಟರಮ್ಮ. "ನರದ ಡಾಕ್ಟರಿಗೆ ಚೀಟಿ ಕೊಡ್ತೀನಿ, ತೋರಿಸಿ. ಬೆರಳು ತಿರುಗಿ ಬರಬಹುದು. ತಿಂಗಳುಗಟ್ಟಲೆ ಆಗುತ್ತೆ. ಪೂರ್ತಿ ಬರುತ್ತೆ ಅಂತ ನಾನು ಹೇಳಲಾರೆ. ಅಲ್ಲಿವರೆಗೂ ಸೂಜಿ ಬೇಡ." ಎದ್ದು ಹೋಗುವಾಗ, ಏನೋ ನೆನಪಾದವರಂತೆ ತಿರುಗಿದರು. "ಜೋಮು ಇರಲಿಲ್ಲ ಅಂದ್ರೆ, ಮೊದಲು ನರ ಯಾಕೆ ಸಿಗ್ತಿರ್ಲಿಲ್ಲ?"

ಸೂಜಿಯಮ್ಮ ಹತ್ತಿಯನ್ನು ತೋಳಿಗೆ ಒತ್ತಿಕೊಂಡು ನೆಲ ನೋಡಿದಳು. ಹೊರಗೆ ಯಾರೋ ಕರೆದರು. ಡಾಕ್ಟರಮ್ಮ ಹೋದರು.

ಲೇಬಲ್ ಮೇಜು ಕಿಟಕಿಯಿಲ್ಲದ ಕೋಣೆಯಲ್ಲಿತ್ತು. ಟ್ಯೂಬುಗಳಿಗೆ ಹೆಸರು, ವಯಸ್ಸು, ನಂಬರಿನ ಚೀಟಿ ಅಂಟಿಸುವುದು. ಚೀಟಿಯ ಅಂಚು ಎಲ್ಲಿದೆ ಎಂದು ಬೆರಳಿಗೆ ತಿಳಿಯದೆ ದೀಪದ ಹತ್ತಿರ ಹಿಡಿದು ನೋಡಬೇಕಾಗುತ್ತಿತ್ತು. ಸಾಲು ಹೊರಗೆ ಗುನುಗುನು ಎನ್ನುವುದು ಗೋಡೆಯ ಮೂಲಕ ಕೇಳುತ್ತಿತ್ತು. ಅವಳ ಸ್ಟೂಲಿನ ಮೇಲೆ ಯಾರೋ ಹೊಸಬಳು.

ಎರಡನೇ ದಿನವೇ ಕೌಂಟರಮ್ಮ ಒಂದು ಬಾಟಲಿ ಹಿಡಿದು ಬಂದಳು. "ಇದು ಮೈಯಲ್ಲಿರೋ ವಿಷ ಎಲ್ಲಾ ಕಳೆಯುತ್ತಂತೆ. ಬರೀ ಬೇರು ಕಣೇ, ಮಾತ್ರೆ ಅಲ್ಲ. ನಾನೇ ಹಿಂದುಗಡೆ ಓದಿದೀನಿ."

"ಬೇಡ" ಎಂದಳು ಸೂಜಿಯಮ್ಮ.

ಆ ಮಾತು ಅವಳ ಬಾಯಿಂದ ಬಂದದ್ದನ್ನು ಕೌಂಟರಮ್ಮ ಮೊದಲು ನಂಬಲಿಲ್ಲ. "ಒಂದೇ ಚಮಚ..."

"ಬೇಡ ಕಣೇ."

ಕೌಂಟರಮ್ಮನಿಗೆ ಸಿಟ್ಟು ಬಂತು. ಮೂರು ದಿನ ಲೇಬಲ್ ಕೋಣೆಯ ಕಡೆ ಸುಳಿಯಲಿಲ್ಲ. ಚೀಟಿಗಳನ್ನು ಆಯಾಳ ಕೈಲಿ ಕಳಿಸಿದಳು. ನಾಲ್ಕನೇ ದಿನ ಮಧ್ಯಾಹ್ನ, ರೋಗಿಗಳು ಕರಗಿದ ಮೇಲೆ, ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಎರಡೂ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದವಳಂತೆ ಮಡಿಲಲ್ಲಿ ಇಟ್ಟುಕೊಂಡಳು.

"ಏನೂ ತಂದಿಲ್ಲ" ಎಂದಳು.

"ಒಳ್ಳೇದಾಯ್ತು."

ಸೂಜಿಯಮ್ಮ ಮುಂದಿನ ಚೀಟಿ ಕಿತ್ತಳು.

"ಅವತ್ತು ಡಾಕ್ಟರಮ್ಮ ಕೇಳಿದ್ರಲ್ಲ" ಎಂದಳು ಕೌಂಟರಮ್ಮ, "ಮೊದಲು ಯಾಕೆ ಸಿಗ್ತಿರ್ಲಿಲ್ಲ ಅಂತ. ನಾವು ಯಾರೂ ಅದನ್ನ ಕೇಳ್ಲೇ ಇಲ್ಲ ನಿನ್ನ."

ಸೂಜಿಯಮ್ಮ ಕೈಯಲ್ಲಿದ್ದ ಟ್ಯೂಬನ್ನು ದೀಪಕ್ಕೆ ಹಿಡಿದಳು. "ಕೊನೇ ದಿನ ಅಕ್ಕನಿಗೆ ನಾಲ್ಕು ಸಲ ಚುಚ್ಚಿದೆ" ಎಂದಳು, ಯಾರದೋ ರಿಪೋರ್ಟು ಓದುವ ದನಿಯಲ್ಲಿ. "ಎಡಗೈಗೆ ಎರಡು, ಬಲಗೈಗೆ ಒಂದು, ಕಾಲಿಗೆ ಒಂದು. ಸಿಗ್ಲಿಲ್ಲ. ಸಾಕು ಬಿಡೇ, ನಾಳೆ ತೆಗೀವಂತೆ ಅಂದ್ಳು. ನಾನು ಐದನೇ ಸಲ ಪಟ್ಟಿ ಕಟ್ಟಿದೆ. ಅವಳು ಕೈ ಎಳ್ಕೊಳ್ಲಿಲ್ಲ. ನೋವಾಯ್ತಾ ಅಂತ ಕೇಳ್ದೆ. ಇಲ್ಲ ಅಂದ್ಳು." ಟ್ಯೂಬನ್ನು ತಿರುಗಿಸಿದಳು. "ಆಮೇಲಿಂದ ಯಾರ ಕೈ ಮುಟ್ಟಿದ್ರೂ ಅದೇ ಕೈ."

ಕೌಂಟರಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ಸೂಜಿಯಮ್ಮ ಚೀಟಿ ಅಂಟಿಸಿದಳು. ಅದು ಓರೆಯಾಗಿ ಕೂತು, ಹೆಸರಿನ ಅರ್ಧ ಹಿಂಬದಿಗೆ ಹೋಯಿತು. ಕೌಂಟರಮ್ಮ ಕೈ ಚಾಚಿ ಟ್ಯೂಬನ್ನು ತೆಗೆದುಕೊಂಡು, ಉಗುರಿನಿಂದ ಚೀಟಿಯ ಅಂಚು ಎಬ್ಬಿಸಿ, ನೆಟ್ಟಗೆ ಅಂಟಿಸಿ, ಸ್ಟ್ಯಾಂಡಿನಲ್ಲಿ ಇಟ್ಟಳು. ಮುಂದಿನದಕ್ಕೆ ಕೈ ಚಾಚಿದಳು.