ಹನ್ನೊಂದು ಸಲ ತೆಗೆದ ಪೀಪಾಯಿ

ಹೆಬ್ಬಾಳದಾಚೆ, ಕೊಡಿಗೇಹಳ್ಳಿಯ ದಾರಿಯಲ್ಲಿದ್ದ ನಮ್ಮ ದ್ರಾಕ್ಷಿ ತೋಟದಲ್ಲಿ ತಾತನ ಕಾಲದಿಂದಲೂ ಚರ್ಚಿನ ಬಲಿಪೂಜೆಗೆ ವೈನ್ ಮಾಡುತ್ತಿದ್ದೆವು. ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ನಾನು ಪಿಯುಸಿ ಓದುತ್ತಿದ್ದ ವರ್ಷ ಗೊಂಚಲುಗಳಿಗೆ ರೋಗ ಬಿದ್ದು, ಐದು ಪೀಪಾಯಿಗಳಲ್ಲಿ ಒಂದು ಮಾತ್ರ ತುಂಬಿತು. ಹಿಂದಿನ ವರ್ಷವೂ ಕಡಿಮೆಯೇ ಆಗಿತ್ತು. ಈ ಸಲವೂ ತಪ್ಪಿದರೆ ಗೋವಾದಿಂದ ತರಿಸಿಕೊಳ್ಳಬೇಕಾಗುತ್ತದೆ ಎಂದು ಫಾದರ್ ಮೊದಲೇ ಹೇಳಿದ್ದರು. ಅಪ್ಪ ದಿನಕ್ಕೆರಡು ಸಲ ಆ ಪೀಪಾಯಿಯನ್ನು ಮುಟ್ಟಿ ನೋಡಿ ಬರುತ್ತಿದ್ದರು.

ಆಗಲೇ ಸಿನಿಮಾದವರು ಬಂದದ್ದು. ಕಷ್ಟದಲ್ಲಿರುವ ಒಂದು ವೈನ್ ಮಾಡುವ ಕುಟುಂಬದ ಕಥೆಯಂತೆ. ಮೂರು ದಿನ ಶೂಟಿಂಗ್. ಎಷ್ಟು ದೀಪ, ಎಷ್ಟು ಜನಕ್ಕೆ ಊಟ, ಎಷ್ಟು ಟೇಕ್, ಎಲ್ಲವನ್ನೂ ನಾನು ಡೈರಿಯಲ್ಲಿ ಬರೆದಿಟ್ಟೆ. ಮೂರನೆಯ ದಿನ ಕಥೆಯ ಯಜಮಾನ ಪೀಪಾಯಿಯ ಅಂಗೈಯಗಲದ ಬಿರಡೆ ತೆಗೆದು, ಲೋಟ ಅದ್ದಿ, ಮೂಸಿ, ಕುಡಿದು ನಗಬೇಕಿತ್ತು. ಸಹಾಯಕನೊಬ್ಬ ಖಾಲಿ ಪೀಪಾಯಿಗೆ ಬಣ್ಣದ ನೀರು ತುಂಬಲು ಹೊರಟ. ಅಪ್ಪ ತಡೆದರು.

“ನಮ್ಮನೇಲಿ ನಿಂತ್ಕೊಂಡು ಬಣ್ಣದ್ ನೀರು ಕುಡೀತಾರೇನ್ರೀ? ತುಂಬಿರೋದೇ ತೆಗೀರಿ. ಒಂದ್ ಸಲಕ್ಕೆ ಏನಾಗಲ್ಲ.”

ಮೊದಲ ಸಲ ನಟ ನಗುವುದನ್ನೇ ಮರೆತ. ಎರಡನೆಯ ಸಲ ಚೆನ್ನಾಗಿಯೇ ನಕ್ಕ. ನಿರ್ದೇಶಕರು ಮಾತ್ರ ಅಪ್ಪನ ಕಡೆ ತಿರುಗಿ, “ಯಜಮಾನ್ರೇ, ಇನ್ನೊಂದೇ ಒಂದ್ ಸಲ” ಎಂದರು. ಆಮೇಲೆ ದೀಪ ಸರಿಯಿಲ್ಲ, ಆಮೇಲೆ ಮೀಸೆ ಸರಿಯಿಲ್ಲ. ಪ್ರತಿ ಸಲ ಒಂದು ಲೋಟ ಹೊರಗೆ ಬಂತು, ಅಷ್ಟು ಗಾಳಿ ಒಳಗೆ ಹೋಯಿತು. ಪೀಪಾಯಿ ಬಾಯಿತನಕ ತುಂಬಿರಬೇಕು, ಗಾಳಿ ಆಡಿದರೆ ಹುಳಿಯಾಗುತ್ತದೆ ಎನ್ನುವುದು ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು.

“ಇಷ್ಟ್ ಸಲ ಕುಡಿದ್ರೆ ಹೀರೋ ಮನೆಗ್ ಹೋಗೋದ್ ಹೆಂಗ್ ಗುರು?” ಎಂದು ಲೈಟ್‌ನವನು ಕೂಗಿದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು.

ನಾನು ಹತ್ತಿರ ಹೋಗಿ, “ಅಪ್ಪ, ಐದಾಯ್ತು” ಎಂದೆ.

“ಸುಮ್ನಿರಮ್ಮ. ಮನೆಗ್ ಬಂದೋರಿಗೆ ಸಾಕು ಅನ್ನಕ್ಕಾಗತ್ತಾ?”

ನಾನು ಹಿಂದೆ ಸರಿದೆ. ಡೈರಿಯಲ್ಲಿ ಗೀಟು ಎಳೆಯುತ್ತಾ ನಿಂತೆ. ಒಟ್ಟು ಹನ್ನೊಂದು ಗೀಟು.

ಅಪ್ಪ ಅಂದೇ ಬಿರಡೆಗೆ ಮೇಣ ಹಾಕಿ ಮುಚ್ಚಿದರು. ಐದು ವಾರ ಕಳೆದು ತೆಗೆದಾಗ ಹುಳಿ ವಾಸನೆ ಬಾಗಿಲವರೆಗೂ ಬಂತು. “ಉಪ್ಪಿನಕಾಯಿಗಾದ್ರೂ ಆಗತ್ತೆ ಬಿಡಿ” ಎಂದರು ಅಮ್ಮ. ಅಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ತಾವೇ ಚರ್ಚಿಗೆ ಹೋಗಿ ಹೇಳಿ ಬಂದರು. ಆ ಕ್ರಿಸ್‌ಮಸ್‌ಗೆ ಗೋವಾದ ಬಾಟಲಿಗಳು ಬಂದವು. ಮರುವರ್ಷ ನಮ್ಮನ್ನು ಯಾರೂ ಕೇಳಲಿಲ್ಲ. ದ್ರಾಕ್ಷಿ ಚಪ್ಪರ ಬಿಚ್ಚಿದೆವು.

ಸಿನಿಮಾ ಯಶವಂತಪುರಕ್ಕೆ ಬಂದಾಗ ಮೂವರೂ ಮ್ಯಾಟಿನಿಗೆ ಹೋದೆವು. ಪೀಪಾಯಿಯ ದೃಶ್ಯ ಬಂತು. ನಟ ಬಿರಡೆ ತೆಗೆದ, ಲೋಟ ಅದ್ದಿದ, ನಕ್ಕ. ಅಪ್ಪ ನನ್ನ ಕಡೆ ಬಾಗಿದರು.

“ಬಾಯ್ತನಕ ಇದೆ ನೋಡಮ್ಮ. ಎರಡನೇದಿರ್ಬೇಕು ಇದು.”

ಎರಡನೆಯದೇ. ಆಮೇಲಿನ ಒಂಬತ್ತು ಅವರಿಗೆ ಬೇಕೇ ಆಗಿರಲಿಲ್ಲ.

ಸಿನಿಮಾದ ಕುಟುಂಬಕ್ಕೆ ಕೊನೆಯಲ್ಲಿ ಒಳ್ಳೆಯದಾಯಿತು. ಅವರ ವೈನ್ ಗಾಡಿಯಲ್ಲಿ ಹೊರಟಾಗ ಜನ ಚಪ್ಪಾಳೆ ತಟ್ಟಿದರು. ಅಪ್ಪನೂ ತಟ್ಟಿದರು, ಎಲ್ಲರೂ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು.