ಮುಲ್ಲಾಸಾಬರು ಬರುವ ಮೊದಲು

ಮೂವತ್ತು ವರ್ಷ ಯಾತ್ರೆಯ ಬಸ್ಸು ಓಡಿಸಿದವನು ನಾನು. ಕಾಶಿ, ಅಜ್ಮೀರ್, ಅಮೃತಸರ, ವೇಲಾಂಕಣಿ. ಎಲ್ಲಿ ತಲೆಗೆ ಬಟ್ಟೆ ಕಟ್ಟಬೇಕು, ಎಲ್ಲಿ ಅಂಗಿ ಬಿಚ್ಚಬೇಕು, ಯಾರ ಎದುರು ಏನು ತಿನ್ನಬಾರದು, ಎಲ್ಲ ನನಗೆ ಗೊತ್ತು ಎಂದು ಮಡಕಶಿರಾದ ಟೀ ಅಂಗಡಿಯಲ್ಲಿ ಕೂತು ಬೇಕಾದಷ್ಟು ಜಂಬ ಕೊಚ್ಚಿದ್ದೇನೆ. ಇಷ್ಟು ದೇಶ ತಿರುಗಿ ಎಡವಿದ್ದೆಲ್ಲಿ ಅಂದರೆ ಕಣೇಕಲ್ಲಿನ ಹತ್ತಿರ, ಒಡಹುಟ್ಟಿದ ಅಕ್ಕನ ಅಂಗಳದಲ್ಲಿ.

ಅಕ್ಕನ ಮೊಮ್ಮಗನಿಗೆ ಜವಳ. ಮಗುವಿನ ಮೊದಲ ಕೂದಲು ತೆಗೆಸಿ, ಕುರಿ ಕೊಯ್ದು, ಓಣಿಗೆಲ್ಲ ಊಟ ಹಾಕುವುದು. ನಾನು ಬಸ್ಸಿಳಿದು ಕಾಲು ತೊಳೆಯುವುದರೊಳಗೆ ಅಕ್ಕ ಪಕ್ಕಕ್ಕೆ ಕರೆದಳು. ನಮ್ಮ ಸೀಮೆಯ ಮಾತು ಬಿಟ್ಟು ಅವಳು ರಾಯದುರ್ಗದ ಕಡೆಯವಳೇ ಆಗಿ ಎಷ್ಟೋ ಕಾಲವಾಗಿತ್ತು.

"ಎದುರುಮನಿಯಾಕಿ ಇವತ್ತು ಉಣ್ಣಾಕ ಬರ್ತೀನಂತ ಹೇಳಿ ಕಳಿಸ್ಯಾಳ. ನಿನ್ ಬಾಯಿ ಸ್ವಲ್ಪ ಬಿಗಿ ಹಿಡಕೊ."

ಎದುರುಮನೆಯಾಕೆ ಮುಸಲ್ಮಾನರ ಹೆಂಗಸು. ಇಬ್ಬರೂ ಇಪ್ಪತ್ತು ವರ್ಷ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಒಂದೇ ಸಾಲಿನಲ್ಲಿ ಬಗ್ಗಿ ನಾಟಿ ಹಾಕಿದವರು, ಒಂದೇ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದವರು. ವರ್ಷದ ಹಿಂದೆ ಮೈಕಿನ ಸದ್ದಿಗೆ ಶುರುವಾದ ಜಗಳದಲ್ಲಿ ಓಣಿಯ ಹುಡುಗರು ಕೈ ಕೈ ಮಿಲಾಯಿಸಿದ್ದರು. ಅದರಲ್ಲಿ ಅಕ್ಕನ ಮಗನೂ ಇದ್ದ, ಅವಳ ಮಗನೂ ಇದ್ದ. ಇನ್ನು ಮೇಲೆ ನಮ್ಮ ಮನೆಯ ಕುರಿಗೆ ಮುಲ್ಲಾನ ಕತ್ತಿ ಬೇಡ ಎಂದು ಅಕ್ಕನ ಮಗ ಬೀದಿಯಲ್ಲಿ ನಿಂತು ಕೂಗಿದ್ದ. ಅಂದಿನಿಂದ ಅವಳು ಅಕ್ಕನ ಹೊಸಿಲು ತುಳಿದಿರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಎದುರಾದರೂ ಇಬ್ಬರೂ ಕೊಡದ ಕಡೆ ನೋಡುತ್ತಿದ್ದರಂತೆ. ಆ ಮಾತು ಅಳಿಸಬೇಕೆಂದೇ ಅಕ್ಕ ಈ ಸಲ ಹಟ ಹಿಡಿದು, ಮೊದಲಿನಿಂದ ನಡೆದು ಬಂದ ಹಾಗೆ, ಅವಳೂ ಉಣ್ಣುವಂತೆ ಮುಲ್ಲಾಸಾಬರೇ ಬಂದು ಬಿಸ್ಮಿಲ್ಲಾ ಹೇಳಿ ಕುರಿ ಕೊಯ್ಯಬೇಕೆಂದು ಬೊಮ್ಮನಹಾಳಿಗೆ ಹೇಳಿ ಕಳಿಸಿದ್ದಳು.

ಮುಲ್ಲಾಸಾಬರು ಬಂದು ಕೊಯ್ಯುತ್ತಾರೆ ಅನ್ನುವುದಷ್ಟೇ ಗೊತ್ತಿತ್ತು, ಯಾಕೆಂಬುದನ್ನೆಲ್ಲ ನನಗೆ ಆಮೇಲೆ ಹೇಳಿದರು. ಮೊದಲೇ ಹೇಳಿದ್ದರೆ ಕೇಳುತ್ತಿದ್ದೆನೇ, ಅದೂ ಅನುಮಾನ.

ಹತ್ತಾಯಿತು, ಹನ್ನೊಂದಾಯಿತು. ಮುಲ್ಲಾಸಾಬರ ಸುಳಿವಿಲ್ಲ. ಭಾವ ಕಣೇಕಲ್ಲಿಗೆ ತರಕಾರಿಗೆ ಹೋಗಿದ್ದ, ಅಕ್ಕ ಮಸಾಲೆ ರುಬ್ಬಿಸಲು ಗಿರಣಿಗೆ ಹೋಗಿದ್ದಳು. ನೀರು ಕುದಿದು ಕುದಿದು ಅರ್ಧಕ್ಕೆ ಇಳಿಯುತ್ತಿತ್ತು. ಇಷ್ಟು ಜನಕ್ಕೆ ಅಡುಗೆ ಯಾವಾಗ ಆಗಬೇಕು? ನನಗೆ ತಲೆ ಕೆಟ್ಟಿತು. ಸುಮ್ಮನೆ ಕಾಯುವುದು ನನ್ನ ಜಾಯಮಾನದಲ್ಲಿಲ್ಲ. ನಮ್ಮ ಮನೆಯಲ್ಲಿ ನಾವೇ ಕೊಯ್ಯುವುದು. ಕತ್ತಿ ಮಸೆದೆ, ಕುರಿ ಕೆಡವಿದೆ, ಕೊಯ್ದೆ. ಚರ್ಮ ಬಿಡಿಸಿ ಪಾಲು ಹಾಕುವುದೂ ಮುಗಿಯಿತು. ಅಷ್ಟು ಚುರುಕು ನಾನು.

ಅಕ್ಕ ಮಸಾಲೆಯ ಪಾತ್ರೆ ಹಿಡಿದು ಒಳಗೆ ಬಂದವಳು ಮಾಂಸ ನೋಡಿ ನಿಂತಳು.

"ಮುಲ್ಲಾಸಾಬ್ರು ಬಂದಿದ್ರೇನು?"

"ಎಲ್ಲಿ ಬಂದ್ರು? ನಾನೇ ಕೊಯ್ದೆ. ಎಷ್ಟೊತ್ತು ಅಂತ ಕಾಯಾದು?"

ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಾತ್ರೆ ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. ಅಷ್ಟರಲ್ಲಿ ಕಣೇಕಲ್ಲಿನಲ್ಲಿದ್ದ ಭಾವನಿಗೆ ಫೋನು ಬಂದಿತ್ತಂತೆ. ಬೈಕು ಕೆಟ್ಟಿದೆ, ಬರುವುದು ಮಧ್ಯಾಹ್ನ ದಾಟುತ್ತದೆ ಎಂದು ಮುಲ್ಲಾಸಾಬರು ತೆಲುಗಿನಲ್ಲಿ ಹೇಳಿದರಂತೆ. ಭಾವ ಮನೆಗೆ ಬಂದು ಅದನ್ನು ಹೇಳುತ್ತಲೇ ನನ್ನ ಕೈ ನೋಡಿದ. ನಡೆದ ಕಥೆಯನ್ನೆಲ್ಲ ಆಗ ಅವನೇ ಬಿಡಿಸಿ ಹೇಳಿದ್ದು. ಕೇಳುತ್ತಾ ಕೇಳುತ್ತಾ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಮೀರಿಗೆ ಹತ್ತಾರು ಸಲ ಜನ ಕರೆದೊಯ್ದ ಮನುಷ್ಯ ನಾನು.

"ಆಕಿಗೆ ಅನ್ನ ಬೇಳೆಸಾರು ಹಾಕಿದ್ರಾಯ್ತು" ಎಂದ ಭಾವ.

"ಯಾಕಂತ ಕೇಳಂಗಿಲ್ಲೇನು? ಬೇಕಂತಾನೇ ಮಾಡ್ಯಾರ ಅಂತಾಳ. ಮಗನ ಮಾತು ಖರೆ ಆತು ಅಂತಾಳ." ಅಕ್ಕ ಎದ್ದಳು. "ಯಾರೂ ಬಾಯಿ ಬಿಡಬ್ಯಾಡ್ರಿ. ಮುಲ್ಲಾಸಾಬ್ರು ಬಂದು ಹೋದ್ರು. ಅಷ್ಟೇ."

ನಾನು ಏನೋ ಹೇಳಲು ಹೋದೆ. ಅವಳು ಮಸಾಲೆಯ ಪಾತ್ರೆ ನನ್ನ ಕೈಗಿಟ್ಟು ಒಲೆಯ ಕಡೆ ಕಳಿಸಿದಳು.

ಎರಡು ಗಂಟೆಯ ಹೊತ್ತಿಗೆ ಎದುರುಮನೆಯಾಕೆ ಬಂದಳು. ತೊಳೆದಿಟ್ಟ ಸೀರೆ, ತಲೆ ಮೇಲೆ ಸೆರಗು, ಮಗುವಿಗೊಂದು ಹೊಸ ಅಂಗಿ. ಹೊಸಿಲ ಹತ್ತಿರ ಒಂದು ಗಳಿಗೆ ನಿಂತಳು. "ಬಾ ತಂಗಿ" ಎಂದಳು ಅಕ್ಕ. ಆ ಎರಡು ಮಾತಿಗೆ ವರ್ಷವೇ ಹಿಡಿದಿತ್ತು. ಮಗುವಿನ ಬೋಳು ತಲೆ ಸವರಿ ಅವಳು ಪಡಸಾಲೆಯಲ್ಲಿ ಕೂತಳು. ಅಕ್ಕ ತಾನೇ ತಟ್ಟೆ ಇಟ್ಟಳು. ಮುದ್ದೆ ಇಟ್ಟಳು. ಸೌಟಿನಲ್ಲಿ ಸಾರು ತುಂಬಿ, ಒಳ್ಳೊಳ್ಳೆಯ ತುಂಡು ಆರಿಸಿ ಬಡಿಸಿದಳು. ನಾನು ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಎದುರುಮನೆಯಾಕೆ ಕೈ ತೊಳೆದು ಮುದ್ದೆ ಮುರಿದಳು, ಸಾರಿನ ಕಡೆ ಬೆರಳು ಚಾಚಿದಳು.

"ತಿನ್ಬೇಡ್ರಮ್ಮ" ಎಂದೆ. "ಮುಲ್ಲಾಸಾಬ್ರು ಬಂದಿಲ್ಲ. ನಾನು ಕೊಯ್ದಿದ್ದು. ನಂದೇ ತಪ್ಪು, ಇವ್ರದ್ದಲ್ಲ."

ಅವಳ ಕೈ ಅಲ್ಲೇ ನಿಂತಿತು. ನನ್ನ ಕಡೆ ನೋಡಲೇ ಇಲ್ಲ. ಅಕ್ಕನನ್ನು ನೋಡುತ್ತಾ ಕೇಳಿದಳು.

"ಈತ ಹೇಳದಿದ್ರ ನೀ ಹೇಳ್ತಿದ್ದಿಲ್ಲೇನಕ್ಕ?"

ಸೌಟು ಹಿಡಿದ ಅಕ್ಕ ತಲೆ ಎತ್ತಲಿಲ್ಲ. ಉತ್ತರ ಏನೆಂದು ಪಡಸಾಲೆಯಲ್ಲಿ ಉಣ್ಣುತ್ತಿದ್ದ ಎಲ್ಲರಿಗೂ ತಿಳಿಯಿತು, ಅವಳಿಗಂತೂ ಎಲ್ಲರಿಗಿಂತ ಮೊದಲೇ. ಎದ್ದು ಹೋಗುತ್ತಾಳೆ, ಇನ್ನು ಈ ಜನ್ಮಕ್ಕೆ ಬರುವುದಿಲ್ಲ ಎಂದುಕೊಂಡೆ.

ಅವಳು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೇಳ್ತಿದ್ಲು ಬಿಡ್ರಿ" ಎಂದಳು. "ಆಕಿ ನನ್ ಬಾಯಿಗೆ ಹೋಗಾಕ ಬಿಡ್ತಿದ್ದಿಲ್ಲ. ನನಗ ಗೊತ್ತೈತಿ." ಮತ್ತೆ ಅಕ್ಕನಿಗೆ, "ಮಜ್ಜಿಗಿ ಐತೇನು? ಬ್ಯಾರೆ ತಟ್ಟಿಗೆ ಒಂದೀಟು ಅನ್ನ ಹಾಕಿ ತಾ."

ಅಕ್ಕ ಮಜ್ಜಿಗೆಗೆಂದು ಒಳಗೆ ಹೋದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ಎದುರುಮನೆಯಾಕೆಯೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಗೆ ಹೋದಳು.