ಸೀಟಿನ ಕೆಳಗಿನ ಕೆಂಪು ನೀರು

ಮಲಾಡ್‌ನಿಂದ ಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಮುರಿಗೆಪ್ಪನವರ ಗ್ಯಾರೇಜು. ಅವರ ಊರು ಬಯಲುಸೀಮೆಯ ಇಂಡಿ ಕಡೆ. ಸಮುದ್ರ ನೋಡಿದ್ದೇ ಮದುವೆಯಾದ ಮೇಲೆ. ಇಪ್ಪತ್ತು ವರ್ಷ ರಿಕ್ಷಾ ರಿಪೇರಿ ಮಾಡಿಕೊಂಡಿದ್ದವರಿಗೆ ಆರು ವರ್ಷದ ಹಿಂದೆ ಬೀಚಿನ ಜೀವರಕ್ಷಕರ ಎಟಿವಿ ಗಂಟುಬಿತ್ತು. ನಾಲ್ಕು ದಪ್ಪ ಟಯರು, ಬೈಕಿನಂಥ ಹ್ಯಾಂಡಲು, ಮರಳಿನಲ್ಲಿ ಹೂತುಹೋಗದೆ ಓಡುವ ಗಾಡಿ.

ಆ ಗಾಡಿಗೆ ಅವರು ಮಾಡುತ್ತಿದ್ದ ಉಪಚಾರ ನೋಡಿ ನಾನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. ಪಕ್ಕದ ಅಂಗಡಿಯವನಿಗೆ ಅಷ್ಟೂ ಹಕ್ಕಿಲ್ಲವೆ? ದಿನಾ ಸಂಜೆ ಬಕೆಟ್ಟಿನ ಸಿಹಿನೀರಿನಲ್ಲಿ ಅರಿವೆ ಅದ್ದಿ ಉಪ್ಪು ಒರೆಸುವರು, ಚೈನಿಗೆ ಎಣ್ಣೆ ಬಿಡುವರು, ಬ್ಯಾಟರಿಯ ತುದಿಗಳಿಗೆ ಗ್ರೀಸು ಸವರುವರು. ಗಾಡಿಗೆ ನೀರಿನ ಪೈಪು ಹಿಡಿಯಲು ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ.

"ಜೋರ್ ನೀರು ವೈರಿನ ಸಂದ್ಯಾಗ ಹೊಕ್ಕರ, ಗಾಡಿ ಯಾವಾಗ ಕೈ ಕೊಡ್ತೈತಿ ಹೇಳಾಕ ಬರಂಗಿಲ್ಲ," ಎನ್ನುತ್ತಿದ್ದರು.

ಕಳೆದ ಖಂಡೇನವಮಿಗೆ, ಆಯುಧಪೂಜೆಯ ದಿನ, ಗ್ಯಾರೇಜಿನ ಪಾನಾ, ಸುತ್ತಿಗೆಗಳ ಜೊತೆ ಎಟಿವಿಗೂ ಪೂಜೆಯಾಯಿತು. ಅವರ ಹೆಂಡತಿ ದಾನವ್ವ ಹ್ಯಾಂಡಲಿನಿಂದ ಸೀಟಿನವರೆಗೆ ವಿಭೂತಿ, ಕುಂಕುಮ ಮೆತ್ತಿದರು. ಮರುದಿನ ಬೀಚಿನಲ್ಲಿ ದೇವಿ ವಿಸರ್ಜನೆಯ ಜನಜಾತ್ರೆ. ಗಾಡಿ ಬೆಳಿಗ್ಗೆಯೇ ಸ್ವಚ್ಛವಾಗಿ ಬರಬೇಕೆಂದು ಜೀವರಕ್ಷಕರ ಮೇಲ್ವಿಚಾರಕ ಕಿಶೋರ ಮೂರು ಸಲ ಫೋನು ಮಾಡಿದ. ಒಣಗಿದ ಕುಂಕುಮ ಅರಿವೆಗೆ ಬಗ್ಗಲಿಲ್ಲ. ಆರು ವರ್ಷದಲ್ಲಿ ಮೊದಲ ಬಾರಿಗೆ ಮುರಿಗೆಪ್ಪ ಪೈಪು ಹಿಡಿದರು.

ಜಾತ್ರೆಯ ಮಧ್ಯಾಹ್ನ ಬೀಚಿನಲ್ಲಿ ಒಬ್ಬ ಹುಡುಗಿಯನ್ನು ಅಲೆ ಎಳೆಯಿತು. ಎಟಿವಿ ಓಡಿಸುವ ಜೀವರಕ್ಷಕ ಸುಕೇಶ ಸ್ವಿಚ್ಚು ಒತ್ತಿದ, ಗಾಡಿ ಮಿಸುಕಲಿಲ್ಲ. ಅರ್ಧ ಕಿಲೋಮೀಟರು ಮರಳಿನಲ್ಲಿ ಓಡಿ ನೀರಿಗೆ ಬಿದ್ದು ಅವಳನ್ನು ಎಳೆತಂದ. ಹುಡುಗಿ ಉಳಿದಳು, ಆದರೆ ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಸುಕೇಶನೇ ಗಾಡಿಯನ್ನು ಅಲೆಗೆ ಇಳಿಸಿ ಕೆಡಿಸಿದ್ದಾನೆ, ಅವನನ್ನು ಕೆಲಸದಿಂದ ತೆಗೆಯುತ್ತೇನೆ ಎಂದು ಕಿಶೋರ ಎಲ್ಲರೆದುರು ಹೇಳಿದ.

ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜಿಗೆ ತಂದರು. "ಕಾಕಾ, ನಾನು ನೀರಿಗೆ ಇಳಿಸ್ಲೇ ಇಲ್ಲ ಮಾರಾಯ್ರೆ," ಎಂದು ಸುಕೇಶ ಗೋಡೆಗೆ ಒರಗಿ ಕುಳಿತ. ಮುರಿಗೆಪ್ಪ ಸೀಟು ಎತ್ತಿ, ಸ್ಟಾರ್ಟರಿನ ವೈರು ಕೂಡುವ ಜಾಗ ಬಿಚ್ಚಿದರು. ಅಂಗೈಗೆ ನಾಲ್ಕು ಹನಿ ಬಿದ್ದವು. ಕೆಂಪು ನೀರು.

ನಾನು ಅಲ್ಲೇ ಇದ್ದೆ. ಒರೆಸಿಬಿಡಿ ಎಂದು ಕಣ್ಣಿನಲ್ಲೇ ಹೇಳಿದೆ, ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ಆ ಗಾಡಿ ಅವರ ಮರ್ಯಾದೆಯಾಗಿತ್ತು; ಬೀಚಿನವರೆಲ್ಲ ಅವರನ್ನು ಗುರುತಿಸುತ್ತಿದ್ದುದೇ ಅದರಿಂದ. ಮುರಿಗೆಪ್ಪ ಅಂಗೈಯನ್ನು ಹಾಗೇ ಹಿಡಿದುಕೊಂಡು ಹೊರಗೆ ನಿಂತಿದ್ದ ಕಿಶೋರನ ಬಳಿ ಹೋದರು.

"ಸಾಹೇಬ್ರ, ಇದು ಸಮುದ್ರದ ನೀರಲ್ಲ, ಕುಂಕುಮದ್ದು. ಪೈಪು ಹಿಡಿದಾಂವ ನಾನು. ಸುಕೇಶನ ಮ್ಯಾಲ ಏನೂ ಹಾಕಬ್ಯಾಡ್ರಿ."

ಸುಕೇಶನ ನೌಕರಿ ಉಳಿಯಿತು. ಗಾಡಿ ಬೇರೆ ಗ್ಯಾರೇಜಿಗೆ ಹೋಯಿತು. ಕಿಶೋರ ಮಾಡಿದ್ದು ತಪ್ಪಲ್ಲ, ಆದರೂ ನನಗೆ ಅವನ ಮುಖ ಕಂಡರೆ ಆಗುವುದಿಲ್ಲ. ಮುರಿಗೆಪ್ಪ ಮತ್ತೆ ರಿಕ್ಷಾಗಳಿಗೆ ಮರಳಿದರು.

ಈಗ ದಿನಾ ಬೆಳಿಗ್ಗೆ ಏಳಕ್ಕೆ ಅವರ ಫೋನು ಬಡಿದುಕೊಳ್ಳುತ್ತದೆ. ಆ ಕಡೆ ಸುಕೇಶ ಎಟಿವಿಯ ಸ್ವಿಚ್ಚು ಒತ್ತಿ ಫೋನನ್ನು ಇಂಜಿನಿನ ಹತ್ತಿರ ಹಿಡಿಯುತ್ತಾನೆ. ಮುರಿಗೆಪ್ಪ ಕಣ್ಣು ಮುಚ್ಚಿ ಪೂರಾ ಒಂದು ನಿಮಿಷ ಕೇಳುತ್ತಾರೆ.

"ಹೂಂ, ಹೋಗು," ಎನ್ನುತ್ತಾರೆ. ಆಮೇಲೆಯೇ ಅವನು ಡ್ಯೂಟಿಗೆ ಹೊರಡುವುದು.